ನಾನು ಎಣಿಸದ ಸಿಗಡಿಗಳು

ಹೊಳೆಯ ಲೆಕ್ಕದ ಹಾಳೆಗಳಲ್ಲಿ ನಾನು ಬರೆದ ಅಂಕಿಗಳು ಸುಳ್ಳು. ಒಂದು ತಿಂಗಳಿನವಲ್ಲ — ಅಕ್ಟೋಬರಿನಿಂದ ಮಾರ್ಚಿನವರೆಗೆ, ಆರೂ ತಿಂಗಳಿನವು. ಮೊದಲ ತಿಂಗಳೊಂದನ್ನು ಬಿಟ್ಟರೆ ನೀರಿಗಿಳಿಯದೆ, ಬಲೆ ಒದ್ದೆ ಮಾಡದೆ, ನಮ್ಮ ಅಡುಗೆಮನೆಯ ಮೇಜಿನ ಮುಂದೆ ಚಹಾ ಕುಡಿಯುತ್ತ ಬರೆದವು. ಆ ಸುಳ್ಳನ್ನು ಉಳಿಸಿಕೊಳ್ಳಲು ಒಬ್ಬ ವಯಸ್ಸಾದ ಹೆಂಗಸಿನ ಕಣ್ಣಿನ ಬಗ್ಗೆ ಇನ್ನೊಂದು ಸುಳ್ಳು ಹೇಳಿದೆ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಹೇಳುತ್ತ ಹೇಳುತ್ತ ಎಲ್ಲಾದರೂ ಒಂದು ಕಡೆ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು. ಇಂಗ್ಲಿಷರ ನಾಡಿನಲ್ಲಿ, ಹೇಸ್ ಎಂಬ ಊರಲ್ಲಿ ನಮ್ಮದು ಸಾಲುಮನೆ. ಹಿಂದೆ ಗೋದಾಮುಗಳು, ಗೋದಾಮುಗಳ ಹಿಂದೆ ಒಂದು ಸಣ್ಣ ಹೊಳೆ. ಅದನ್ನು ನೋಡಿಕೊಳ್ಳುವ ಬಳಗವೊಂದಿತ್ತು — ನಿವೃತ್ತರು, ಗೃಹಿಣಿಯರು, ಒಬ್ಬ ಪೋಸ್ಟ್‌ಮನ್. ಕಸ ಎತ್ತುವುದು, ದಂಡೆಯ ಮೇಲೆ ಗಿಡ ನೆಡುವುದು, ಚಳಿಗಾಲದಲ್ಲಿ ಬಕಪಕ್ಷಿಗಳನ್ನೂ ಬೇಸಿಗೆಯಲ್ಲಿ ಹಾವುಮೀನುಗಳನ್ನೂ ಲೆಕ್ಕ ಇಡುವುದು ಅವರ ಕೆಲಸ. ತಿಂಗಳಿಗೊಂದು ಭಾನುವಾರ ಎಲ್ಲರೂ ತಮ್ಮ ತಮ್ಮ ಭಾಗದಲ್ಲಿ ನೀರಿಗಿಳಿದು, ತಳದ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಿದ್ದ ನೀರಿನ ಸಿಗಡಿ, ಹುಳುಗಳ ಮರಿ ಇತ್ಯಾದಿಗಳನ್ನು ಬಿಳಿ ತಟ್ಟೆಗೆ ಸುರಿದು ಎಣಿಸಬೇಕು. ಸಿಗಡಿ ಇದ್ದರೆ ನೀರು ಚೆನ್ನಾಗಿದೆ. ಕಡಿಮೆಯಾದರೆ ಏನೋ ಕೆಟ್ಟಿದೆ. ಅಷ್ಟು ಸರಳ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಆ ಬಳಗದಲ್ಲಿ ಬೇರೆ ಯಾರಿಗೂ ಅಂಥ ಓದು ಇರಲಿಲ್ಲ. ಮುಖ್ಯಸ್ಥ ಕೀತ್ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ 'ನಮ್ಮ ವಿಜ್ಞಾನಿ' ಎನ್ನುತ್ತಿದ್ದ. ಮದುವೆಯಾಗಿ ಬಂದ ಮೇಲೆ ಡಾಕ್ಟರ ಹೆಂಡತಿ ಎಂದಲ್ಲದೆ ಬೇರೆ ಹೆಸರಿನಿಂದ ಯಾರೂ ಕರೆದಿರಲಿಲ್ಲ — ಆ ಮಾತು ನನಗೆ ಎಷ್ಟು ಬೇಕಾಗಿತ್ತು ಎಂದರೆ...

ನನ್ನ ಭಾಗದ ಕೆಳಗಿನ ತಿರುವು ಡೊರೀನ್‌ಳದು. ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು, ಎಪ್ಪತ್ತರ ಹತ್ತಿರ ವಯಸ್ಸು. ಹುಟ್ಟಿದ್ದು ಆ ಹೊಳೆಯ ಮಗ್ಗುಲಲ್ಲೇ. ಯಾವ ಹುಳುವಿನ ಶಾಸ್ತ್ರೀಯ ಹೆಸರೂ ಅವಳಿಗೆ ಗೊತ್ತಿರಲಿಲ್ಲ; ಯಾವ ಕಲ್ಲಿನಡಿ ಯಾವುದು ಕೂರುತ್ತದೆ ಎನ್ನುವುದು ಗೊತ್ತಿತ್ತು. ಮಿಂಚುಳ್ಳಿ ಎಲ್ಲಿ ಗೂಡು ತೋಡುತ್ತದೆ ಎಂದು ನನಗೆ ತೋರಿಸಿದವಳು ಅವಳೇ.

ಆ ಅಕ್ಟೋಬರಿನ ಭಾನುವಾರ ನಾನು ನೀರಿಗಿಳಿದಿದ್ದೆ. ಗೋದಾಮಿನ ಗೋಡೆಯಿಂದ ಹೊರಬರುವ ಮಳೆನೀರಿನ ಕೊಳವೆಯ ಕೆಳಗೆ ಕಲ್ಲುಗಳಿಗೆಲ್ಲ ಬೂದುಬಣ್ಣದ ಲೋಳೆ ಹತ್ತಿಕೊಂಡಿತ್ತು — ನೆನೆದ ಹತ್ತಿಯ ಹಾಗೆ, ಹರಿವಿಗೆ ಅಲ್ಲಾಡುತ್ತ. ಬಲೆ ಎತ್ತಿದರೆ ಅದರಲ್ಲಿ ಹರಿದ ಟಾಯ್ಲೆಟ್ ಕಾಗದ, ಬಳಸಿ ಎಸೆದ ಪ್ಯಾಡು, ಮತ್ತು — ಹೆಸರು ಹೇಳಬೇಕಿಲ್ಲ, ಮನುಷ್ಯರದೇ. ತೊಟ್ಟಿಕ್ಕಿದ ನೀರು ಮೊಣಕೈವರೆಗೆ ಇಳಿಯಿತು. ದಂಡೆಯ ಮೇಲೇ ವಾಂತಿ ಮಾಡಿಕೊಂಡೆ.

ಕಪ್ಪೆ ಕೊಯ್ದ ಕೈ ನನ್ನದು. ಪ್ರಾಣಿಗಳಿಂದ ಎಂದೂ ಅಸಹ್ಯವಾಗಿಲ್ಲ. ಆದರೆ ಯಾರೋ ಪರಕೀಯರ ಹೊಲಸು ನನ್ನ ಮೈಮೇಲೆ! ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದೆ. ಗಂಡ ಬಾಗಿಲಲ್ಲಿ ನಿಂತು, "ಹೇಸ್ ಅಲ್ಲ ಇದು, ಹೇಸಿಗಿ. ಇನ್ನ ಆ ನೀರಾಗ ಇಳೀಬ್ಯಾಡ," ಎಂದರು. ನನಗೂ ಅದೇ ಬೇಕಾಗಿತ್ತು.

ಓದಿದವಳಿಗೆ ಆ ಲೋಳೆ ಏನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಚರಂಡಿಯ ನೀರು ಹೊಳೆಗೆ ಸೇರುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತಿಲ್ಲ. ನಾನು ಬರೆಯಬೇಕಾಗಿದ್ದದ್ದು ಅದನ್ನೇ. ಆದರೆ ಬರೆದರೆ ಮತ್ತೆ ಬಂದು ತೋರಿಸು ಎನ್ನುತ್ತಾರೆ, ಬಾಟಲಿಯಲ್ಲಿ ಹಿಡಿದುಕೊಡು ಎನ್ನುತ್ತಾರೆ... ಸೆಪ್ಟೆಂಬರಿನ ಅಂಕಿಗಳನ್ನು ಎದುರಿಗಿಟ್ಟುಕೊಂಡು ಒಂದೆರಡು ಹೆಚ್ಚು ಕಡಿಮೆ ಮಾಡಿ ಬರೆದೆ. ಮುಂದಿನ ತಿಂಗಳು ಮೊದಲಿನಷ್ಟು ಅಳುಕಲಿಲ್ಲ. ಜನವರಿಯ ಹೊತ್ತಿಗೆ, ಚಳಿಗೆ ಸಿಗಡಿ ಸ್ವಲ್ಪ ಕಡಿಮೆಯಾಗಬೇಕಲ್ಲ ಎಂದು ಯೋಚಿಸಿ ಕಡಿಮೆ ಮಾಡುವಷ್ಟು ನಿಪುಣಳಾಗಿದ್ದೆ.

ಅದೇ ಚಳಿಗಾಲ ಬಳಗದವರು ಲೈಬ್ರರಿಯಲ್ಲಿ ತಣ್ಣೀರಿನ ತೊಟ್ಟಿ ಇಟ್ಟು ಟ್ರೌಟ್ ಮೊಟ್ಟೆಗಳನ್ನು ಮರಿ ಮಾಡಿಸುತ್ತಿದ್ದರು. ಸಾಲ್ಮನ್ ಕುಲದ ಮೀನು ಅದು, ಶುದ್ಧ ನೀರಿಲ್ಲದೆ ಬದುಕದು. ಏಪ್ರಿಲ್‌ನಲ್ಲಿ ಹೊಳೆಗೆ ಬಿಡುವುದೆಂದು ಗೊತ್ತುಮಾಡಿದ್ದರು. ಊರ ಮಕ್ಕಳೆಲ್ಲ ತೊಟ್ಟಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದರು.

ಮಾರ್ಚಿನ ಸಭೆಯಲ್ಲಿ ಡೊರೀನ್ ಎದ್ದು ನಿಂತಳು. ತನ್ನ ತಿರುವಿನಲ್ಲಿ ಸಿಗಡಿಗಳು ಕಾಣುತ್ತಿಲ್ಲ, ನೀರಿನ ವಾಸನೆ ಸರಿಯಿಲ್ಲ, ಮರಿಗಳನ್ನು ಈ ವರ್ಷ ಬಿಡಬೇಡಿ ಎಂದಳು. ಕೀತ್ ನನ್ನ ಕಡೆ ತಿರುಗಿದ. ಅವಳ ಭಾಗಕ್ಕೆ ನೀರು ಬರುವುದೇ ನನ್ನ ಭಾಗದಿಂದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು — ಅವಳೂ, ಎಷ್ಟು ಭರವಸೆಯಿಂದ ಎಂದರೆ, ನಾನು ಹೌದು ಎನ್ನುತ್ತೇನೆ ಎಂದೇ ಅವಳಿಗೆ ನಂಬಿಕೆ.

"ನನ್ನ ಹಾಳೆಗಳು ಸರಿಯಾಗಿವೆ," ಎಂದೆ. "ಡೊರೀನ್‌ಗೆ ಕಣ್ಣಿನ ಪೊರೆ ಬಂದಿದೆ. ಅಷ್ಟು ಸಣ್ಣ ಜೀವಿಗಳು ಅವರಿಗೆ ಕಾಣಿಸುವುದಿಲ್ಲ."

ಪೊರೆ ಬಂದಿದ್ದು ನಿಜ. ಆದರೆ ಅದು ಆರಂಭ ಮಾತ್ರ, ನೋಟಕ್ಕೆ ಅಡ್ಡಿಯಿಲ್ಲ ಎಂದು ನನ್ನ ಗಂಡನಿಂದ ಕೇಳಿ ಅವಳಿಗೆ ಧೈರ್ಯ ಹೇಳಿದವಳೇ ನಾನು. ಶಸ್ತ್ರಚಿಕಿತ್ಸೆ ಎಂದರೆ ಭಯ ಎಂದು ಅವಳು ನಮ್ಮ ಮನೆಯಲ್ಲಿ ಕೂತು, ಯಾರಿಗೂ ಹೇಳಬೇಡ ಎಂದು, ನನಗೊಬ್ಬಳಿಗೇ ಹೇಳಿದ ಗುಟ್ಟು ಅದು. ನನ್ನ ಮಾತು ಕೇಳಿ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುವ ಹಾಗೆ ತನ್ನ ಉಣ್ಣೆಯ ಕಾರ್ಡಿಗನ್ನಿನ ಅಂಚಿನಿಂದ ಒರೆಸಿದಳು, ಹಾಕಿಕೊಂಡಳು, ಕೂತಳು. ಮರುವಾರ ಅವಳ ಬಲೆ ಕೀತ್‌ನ ಮನೆ ಬಾಗಿಲಲ್ಲಿತ್ತು.

ಏಪ್ರಿಲ್‌ನಲ್ಲಿ ಮಕ್ಕಳು ಒಂದೊಂದು ಲೋಟದಿಂದ ಮರಿಗಳನ್ನು ಬಿಟ್ಟರು. ನಾನು ಚಪ್ಪಾಳೆ ತಟ್ಟಿದೆ. ಜೂನ್‌ನಲ್ಲಿ ನೀರು ಕಡಿಮೆಯಾಗಿ ಹೊಳೆ ಸೊರಗಿತು, ಹೊಲಸೇ ಹೆಚ್ಚಾಯಿತು. ಮರಿಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ತೇಲಿದವು. ಜೊತೆಗೆ ಹಾವುಮೀನುಗಳು, ಆ ಹೊಳೆಯಲ್ಲಿ ಎಷ್ಟೋ ವರ್ಷಗಳಿಂದ ಇದ್ದಂಥವು, ಕೊಳೆತು ಬೇರುಗಳಿಗೆ ಸಿಕ್ಕಿಕೊಂಡಿದ್ದವು. ಆ ನಾತ ನಮ್ಮ ಹಿತ್ತಿಲವರೆಗೂ ಬರುತ್ತಿತ್ತು. ಕಿಟಕಿ ಮುಚ್ಚಿಕೊಂಡು ಕೂತೆ.

ಅಧಿಕಾರಿಗಳು ಗೋದಾಮಿನ ಒಳಗಿಂದ ಬಣ್ಣದ ನೀರು ಬಿಟ್ಟು, ಅದು ಎಲ್ಲಿ ಹೊರಬರುತ್ತದೆ ಎಂದು ಪರೀಕ್ಷಿಸಿದರು. ಗೋದಾಮಿನ ಪಾಯಿಖಾನೆಗಳನ್ನೆಲ್ಲ ಮಳೆನೀರಿನ ಕೊಳವೆಗೆ ಜೋಡಿಸಿದ್ದರು. ಗೋದಾಮಿನವರು ಇದು ಈಚೆಗೆ ಆದ ತಪ್ಪು ಎಂದರು — ಪುರಾವೆಯಾಗಿ ಏನು ತೋರಿಸಿದರು ಗೊತ್ತೇ? ನನ್ನ ಹಾಳೆಗಳನ್ನು. ಮಾರ್ಚಿನವರೆಗೆ ಎಲ್ಲವೂ ಸರಿಯಿತ್ತಲ್ಲ! ಎಚ್ಚರಿಕೆಯ ಒಂದು ಪತ್ರದಲ್ಲಿ ಎಲ್ಲ ಮುಗಿಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಚ್ಚುಕಟ್ಟಾಗಿ ದಾಖಲೆ ಇಟ್ಟವಳೆಂದು ಬಳಗದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಒಪ್ಪಿಕೊಂಡೆ. ಇಂದಿಗೂ ನಾನೇ ಕಾರ್ಯದರ್ಶಿ.

ಸುಮಾರು ಹತ್ತು ವರ್ಷ ಕಳೆದವು. ಈಗ ಮತ್ತೆ ಮರಿ ಬಿಡುವ ಮಾತು ಎದ್ದಿದೆ. ಹಿಂದಿನದು ಒಮ್ಮೆ ಆದ ಆಕಸ್ಮಿಕ ಎಂದು ಹಳೆಯ ಹಾಳೆಗಳನ್ನು ನೋಡಿ ವರದಿ ಬರೆದುಕೊಡಬೇಕಾದವಳು ನಾನು. ಪೆನ್ನು ಹಿಡಿದು ಕೂತೆ. ಕೈಯೇ ನಾರುತ್ತಿದೆ ಅನ್ನಿಸಿತು.

ಡೊರೀನ್ ಈಗ ವೃದ್ಧರ ಫ್ಲ್ಯಾಟ್ ಒಂದರಲ್ಲಿದ್ದಾಳೆ. ಕಳೆದ ವಾರ ಹೋಗಿ ಎಲ್ಲವನ್ನೂ ಹೇಳಿದೆ. ಅಳುವುದಕ್ಕೆ ನಾನು ಸಿದ್ಧಳಾಗಿದ್ದೆ. ಅವಳು ಕೈ ಹಿಡಿಯುತ್ತಾಳೆ ಎಂದು ಎಲ್ಲೋ ಒಳಗೆ ಕಾಯುತ್ತಲೂ ಇದ್ದೆ — ಥೂ.

"ನನಗೆ ಯಾಕೆ ಹೇಳ್ತೀಯ?" ಎಂದಳು. "ನಾನು ಕಂಡದ್ದು ನನಗೆ ಗೊತ್ತಿತ್ತು. ಹೋಗಿ ಅವರಿಗೆ ಹೇಳು."

ಆಮೇಲೆ ಎದ್ದು ಬಾಗಿಲು ತೆರೆದಳು.

ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿರುವುದೂ, ಆ ಬಳಗದಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿ, ಅವಿತುಕೊಳ್ಳುವುದೇ ಎಂದು ನನಗೆ ಗೊತ್ತು. ಭಾನುವಾರ ಸಭೆ ಇದೆ. ಆರು ಹಾಳೆಗಳನ್ನು ಕಡತದಿಂದ ತೆಗೆದು, ಪ್ರತಿಯೊಂದರ ಮೇಲೂ ಕೆಂಪು ಅಕ್ಷರದಲ್ಲಿ 'ಸುಳ್ಳು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಎದ್ದು ನಿಂತು ಅವುಗಳನ್ನು ಓದುತ್ತೇನೆ, ಡೊರೀನ್‌ಳ ಹೆಸರು ಹೇಳುತ್ತೇನೆ. ಅವರು ಯಾರೂ ಮತ್ತೆ ನನ್ನ ಮುಖ ನೋಡದಿದ್ದರೆ, ಅದು ಸರಿಯೇ.