ಸುಡದ ಬೆರಳು

ಮುರಾರಿ ಸಟ್ಟುಗ ಮುಟ್ಟುತ್ತಿರಲಿಲ್ಲ. ಮುಂಬೈ ಬಳಿಯ ಕಲ್ಯಾಣ ಸ್ಟೇಷನ್ ಎದುರಿನ ಹೋಟೆಲಿನಲ್ಲಿ, ಕಾದ ಕಾವಲಿಯ ಮೇಲಿನ ದೋಸೆಯನ್ನು ಬರಿಬೆರಳಲ್ಲೇ ಎಬ್ಬಿಸಿ ಮಡಚುತ್ತಿದ್ದ. ಜನ ಮೊಬೈಲ್ ಹಿಡಿದು ನಿಲ್ಲುತ್ತಿದ್ದರು. ಹೋಟೆಲ್ ಅವನ ಹೆಂಡತಿ ಸುಗುಣಾಳ ಅಣ್ಣ ಅನಿಲಕುಮಾರನದು. "ನಮ್ಮ ಭಾವನ ಕೈ ನೋಡಿ! ಬೆಂಕಿಯೇ ಹೆದರ್ತದೆ" ಎಂದು ಅವನು ದುಡ್ಡಿನ ಗಲ್ಲೆಯಿಂದಲೇ ಕೂಗುತ್ತಿದ್ದ. ಮುರಾರಿಯ ಎದೆ ಉಬ್ಬುತ್ತಿತ್ತು. ಉಬ್ಬದೆ ಏನು ಮಾಡುತ್ತದೆ, ಪಾಪ! ಇಡೀ ಆಯುಷ್ಯ ಒಲೆಯ ಮುಂದೆ ನಿಂತವನಿಗೆ ಸಿಕ್ಕ ಒಂದೇ ಹೊಗಳಿಕೆ ಅದು.

ಮೊನ್ನೆ ತೋರುಬೆರಳು ಕಪ್ಪಾಗಿ ಕೀವು ತುಂಬಿತು. ನೋವೇ ಇಲ್ಲ. ಗಿರಾಕಿಯೊಬ್ಬ ಮೂಗು ಮುಚ್ಚಿಕೊಂಡಾಗಲೇ ಅವನಿಗೆ ಗೊತ್ತಾದದ್ದು.

ಡೊಂಬಿವಲಿಯ ಡಾಕ್ಟರ್ ಶ್ರೀಪ್ರಿಯಾ, "ಕಣ್ಣು ಮುಚ್ಚಿ, ಸೂಜಿ ಚುಚ್ಚಿದಾಗ ಹೇಳಿ" ಎಂದರು. ಮುರಾರಿ ಕಾದ. "ಚುಚ್ಚುದಿಲ್ವಾ ಮೇಡಂ?" ಎಂದು ಕೇಳಿದ. ಅವರು ಮೂರು ಸಲ ಚುಚ್ಚಿ ಆಗಿತ್ತು.

ಅವರು ಬಿಡಿಸಿ ಹೇಳಿದರು. ಬೆರಳ ತುದಿಯಿಂದ ಬೆನ್ನುಹುರಿಯವರೆಗೆ ಒಂದೇ ನರಕೋಶದ ಎಳೆ ಚಾಚಿರುತ್ತದೆ. ಬಿಸಿ ತಾಗಿದರೆ ಅದರಲ್ಲಿ ವಿದ್ಯುತ್ತಿನ ಮಿಡಿತ ಓಡುತ್ತದೆ. ಬೆನ್ನುಹುರಿಯಲ್ಲಿ ಮುಂದಿನ ಕೋಶ ಕಾದಿರುತ್ತದೆ, ಆದರೆ ಇದಕ್ಕೆ ತಾಗಿಕೊಂಡಿರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಮೊದಲನೆಯದು ಆ ಸಂದಿಗೆ ರಾಸಾಯನಿಕ ಸುರಿಯುತ್ತದೆ, ಎರಡನೆಯದು ಅದನ್ನು ಹಿಡಿದು ಸುದ್ದಿ ದಾಟಿಸುತ್ತದೆ. ಕೈಯನ್ನು ಹಿಂದೆಳೆಯುವ ನರಕ್ಕೂ ಮಿದುಳಿಗೂ ಆಗ ತಿಳಿಯುತ್ತದೆ.

"ನಿಮ್ಮದು ಸಕ್ಕರೆ ಕಾಯಿಲೆ. ಉದ್ದದ ನರಗಳು ತುದಿಯಿಂದ ಸಾಯ್ತಾ ಬರ್ತವೆ. ಕಾಲು ಜೋಮು ಹಿಡೀತಿತ್ತಲ್ಲ?"

"ಹೌದು. ನಿಂತು ನಿಂತು ಅಂತ ಮಾಡಿದ್ದೆ."

"ಈ ಬೆರಳಿಂದ ಸುದ್ದಿ ಹೊರಡೋದೇ ಇಲ್ಲ. ಇನ್ನು ಕತ್ತರಿಸಲೇಬೇಕು. ಎರಡು ವರ್ಷದ ಹಿಂದೆ ಹೋಟೆಲಿನವರೆಲ್ಲರ ರಕ್ತ ಪರೀಕ್ಷೆ ಮಾಡಿದಾಗಲೇ ನಿಮ್ಮ ಸೇಠ್‌ಗೆ ಫೋನ್ ಮಾಡಿದ್ದೆ, ಇವರನ್ನು ಒಲೆಯಿಂದ ಬಿಡಿಸಿ, ಕರ್ಕೊಂಡು ಬನ್ನಿ ಅಂತ. ಹೇಳ್ಲಿಲ್ವಾ?"

ಮುರಾರಿ ನೇರ ಗಲ್ಲೆಯ ಮುಂದೆ ಹೋಗಿ ನಿಂತ. "ಭಾವ, ನಿಮಗೆ ಗೊತ್ತಿತ್ತಾ?"

"ಹೇಳಿದ್ರೆ ನೀನು ಒಲೆ ಬಿಡ್ತಿದ್ದಿ ಮಾರಾಯ. ಜನ ಬರುದು ನಿನ್ನ ಕೈ ನೋಡ್ಲಿಕ್ಕೆ." ಅನಿಲಕುಮಾರ ತಲೆ ಎತ್ತಲಿಲ್ಲ. "ನನ್ನೊಬ್ಬನ ಮೇಲೆ ಹಾರ್ಬೇಡ. ಸುಗುಣಾಳಿಗೂ ಗೊತ್ತುಂಟು."

ಮನೆಯಲ್ಲಿ ಸುಗುಣಾ ಬೀನ್ಸ್ ಹೆಚ್ಚುತ್ತಿದ್ದಳು. ಗಂಡನ ಮುಖ ನೋಡಿದ್ದೇ ಚೂರಿ ಕೆಳಗಿಟ್ಟು ಅತ್ತಳು. "ಅಣ್ಣನ ಮನೆಯಲ್ಲಿದ್ದೇವಲ್ಲ, ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗುದು? ನಿಮ್ಮ ಚಹಾಕ್ಕೆ ನಾನು ಸಕ್ಕರೆ ಹಾಕುದು ನಿಲ್ಲಿಸಿದ್ದೆ."

ಸಕ್ಕರೆ ನಿಲ್ಲಿಸಿದಳಂತೆ! ಹೊಟ್ಟೆ ಬಂದಿದೆ ಎಂದು ಗಂಡನನ್ನು ಗೇಲಿ ಮಾಡುತ್ತಾ ಎರಡು ವರ್ಷ ಸಪ್ಪೆ ಚಹಾ ಕುಡಿಸಿದವಳು, ಒಂದು ಮಾತು ಬಾಯಿ ಬಿಡಲಿಲ್ಲ.

ಮುರಾರಿ ಗೋಡೆಗೊರಗಿ ಕುಳಿತ. ಭಾವನದು ವ್ಯಾಪಾರ, ಹಾಳಾಗಿ ಹೋಗಲಿ. ಇವಳು? ಮುಖ ಕಿಟಕಿಯ ಕಡೆ ತಿರುಗಿಸಿದ.

"ಒಂದು ಮಾತಾದ್ರೂ ಬೈಯಿರಿ" ಎಂದು ಸುಗುಣಾ ಹತ್ತಿರದಲ್ಲೇ ಬಿಕ್ಕಿದಳು.

ಅವನು ತಿರುಗಿ ನೋಡಿದ. ಅವಳು ಎಷ್ಟು ಹೊತ್ತಿನಿಂದಲೋ ಅವನ ಬೆರಳುಗಳನ್ನು ಹಿಡಿದುಕೊಂಡು ಕುಳಿತಿದ್ದಳು.