ದಂಡೆಯ ಮೇಲೆ ನಿಂತು ದೋಣಿ ಕಲಿಸಿದವರು

ಕಳೆದ ತಿಂಗಳು ಸೊಲ್ಲಾಪುರ ರಸ್ತೆಯ ಅಂಗಡಿಯೊಂದಕ್ಕೆ ತಾಡಪತ್ರಿ ಕೊಳ್ಳಲು ಹೋಗಿದ್ದೆ. ಹೊನವಾಡದಲ್ಲಿ ಮಗಳ ಮನೆಯವರು ದ್ರಾಕ್ಷಿ ಒಣಗಿಸುತ್ತಾರೆ, ಶೆಡ್ಡಿಗೆ ಹೊದಿಸಲು ಬೇಕೆಂದಿದ್ದರು. ಈಗಿನದೆಲ್ಲ ಪ್ಲಾಸ್ಟಿಕ್ಕು, ಅದಕ್ಕೆ ವಾಸನೆಯೇ ಇಲ್ಲ. ಆದರೆ ಅಂಗಡಿಯವನು ಒಳಗಿನಿಂದ ಹಳೆಯ ಕಾಲದ ದಪ್ಪ ಬಟ್ಟೆಯದೊಂದನ್ನು ಎಳೆದು ತಂದು ನನ್ನ ಮುಂದೆ ಬಿಚ್ಚಿದ. ಮೇಣ, ಎಣ್ಣೆ, ಬಿಸಿಲಿಗೆ ಕಾದ ಬಟ್ಟೆ... ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಡಗದ ಮಾಸ್ತರು ನೆನಪಾದರು. ಅವರ ಬೆನ್ನಿಗೇ ಸಿಟ್ಟೂ ಬಂತು. ಅರವತ್ತು ವರ್ಷ ದಾಟಿದ ಸಿಟ್ಟು, ಇನ್ನೂ ತಣ್ಣಗಾಗಿಲ್ಲ. ನನ್ನ ಮುಖ ನೋಡಿ ಅಂಗಡಿಯವನು, “ರೇಟ ಜಾಸ್ತಿ ಆತೇನ್ರಿ ಅಜ್ಜಾರ?” ಎಂದ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ವಿಜಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಅವರು ನಮ್ಮ ಡ್ರಿಲ್ ಮಾಸ್ತರು. ಅರಕೇರಿಯ ಕಡೆಯವರು. ಚಿಕ್ಕವರಿದ್ದಾಗಲೇ ಮುಂಬಯಿಗೆ ಹೋಗಿ, ಹಡಗುಗಳಲ್ಲಿ ಹತ್ತು ವರ್ಷ ದುಡಿದು, ಅಲ್ಲೇ ಪರೀಕ್ಷೆ ಕಟ್ಟಿ ಪಾಸಾಗಿ ಊರಿಗೆ ಮರಳಿದ್ದರು. ಅದಕ್ಕೇ ಹುಡುಗರ ಬಾಯಲ್ಲಿ ಹಡಗದ ಮಾಸ್ತರು. ಅವರ ಮನೆತನದವರು ಆಗಷ್ಟೇ ಬೌದ್ಧ ಧರ್ಮಕ್ಕೆ ಸೇರಿದ್ದರು. ಆದರೆ ಊರ ಮಂದಿ ಮನುಷ್ಯನ ಹಳೆಯ ಜಾತಿಯನ್ನು ಅಷ್ಟು ಬೇಗ ಮರೆಯುತ್ತಾರೆಯೇ? ತಮ್ಮ ಸಾಲ ಮರೆಯಬಹುದು, ಕೊಟ್ಟ ಮಾತು ಮರೆಯಬಹುದು, ಇನ್ನೊಬ್ಬನ ಜಾತಿಯನ್ನು ಮಾತ್ರ ಮರೆಯುವುದಿಲ್ಲ.

ಬಯಲುಸೀಮೆಯ ಹುಡುಗರಿಗೆ ಹಾಯಿದೋಣಿ ಕಲಿಸಬೇಕೆಂಬ ಹುಚ್ಚು ಅವರದೇ. ಸಾಲೆಯ ಬಡಿಗತನದ ಕೋಣೆಯಲ್ಲಿ ನಮ್ಮನ್ನು ಕೂಡಿಸಿಕೊಂಡು ಮೂರು ತಿಂಗಳು ದೋಣಿ ಕಟ್ಟಿದರು. ಇಬ್ಬರು ಕೂಡುವಷ್ಟು ಪುಟ್ಟ ದೋಣಿ. ಕೆಳಗೆ ಡಾಂಬರು, ನಡುವೆ ಒಂದು ಬೊಂಬು. ನಮ್ಮ ಅಪ್ಪನದು ಬಟ್ಟೆ ಅಂಗಡಿ. ಹಾಯಿಗೆ ಮಾಂಜರಪಾಟ ಎಂಬ ದಪ್ಪ ಹತ್ತಿ ಬಟ್ಟೆ ಅವರು ಕೊಟ್ಟರು. ಮಾಸ್ತರು ಅದಕ್ಕೆ ಮೇಣ ಕರಗಿಸಿ ಎಣ್ಣೆ ಕೂಡಿಸಿ ಬಳಿದು ವಾರಗಟ್ಟಲೆ ಬಿಸಿಲಿಗೆ ಹಾಕಿದರು. ಹಿಂದಿನ ಚುಕ್ಕಾಣಿಯನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ಕೆತ್ತಿದರು. ಕೆತ್ತುವುದು, ಅಂಗೈಯಿಂದ ಸವರುವುದು, ಮತ್ತೆ ಕೆತ್ತುವುದು...

ದೀಪಾವಳಿ ಸೂಟಿಯಲ್ಲಿ ಎಂಟು ದಿನದ ಕ್ಯಾಂಪು. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಒಂದು ಊರಿನ ಕೆರೆ. ಊರ ಹೆಸರು ಬೇಡ, ಈಗ ಅಲ್ಲಿ ಬೇರೆ ಮಂದಿ ಇದ್ದಾರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಮೊದಲ ಪಾಠ ನಡೆದದ್ದು ನೀರಿನಲ್ಲಲ್ಲ, ಪಕ್ಕದ ಕಣದಲ್ಲಿ. ಅಲ್ಲಿ ಸಜ್ಜೆಯ ರಾಶಿ ತೂರುತ್ತಿದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಮಾಸ್ತರು, “ಗಾಳಿ ನಮಗ ಗೊತ್ತಿಲ್ಲಂತ ತಿಳೀಬ್ಯಾಡ್ರಿ. ಹೊಟ್ಟು ಯಾವ ಕಡೆ ಹೊಕ್ಕೈತಿ ನೋಡ್ರಿ. ದೋಣಿನೂ ಆ ಕಡೇನ ಹೋಗಾಕ ನೋಡತೈತಿ. ನೀವು ಅದನ್ನ ನಿಮಗ ಬೇಕಾದ ಕಡೆ ಕರಕೊಂಡು ಹೋಗಬೇಕು, ಅಷ್ಟ ವಿದ್ಯಾ,” ಎಂದರು. ಇಡೀ ಸಾಲೆಯಲ್ಲಿ ನನಗೆ ಪೂರಾ ತಿಳಿದ ಪಾಠ ಅದೊಂದೇ.

ಆ ದಿನ ಮಧ್ಯಾಹ್ನ ಅವರು ಪಾಯಿಜಾಮಾ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ದೋಣಿ ನೂಕಿದರು. ಮರುದಿನ ಬೆಳಗಾಗುವಷ್ಟರಲ್ಲಿ ಊರ ಗೌಡರು ನಾಲ್ಕು ಹಿರಿಯರನ್ನು ಕರೆದುಕೊಂಡು ನಮ್ಮ ಹೆಡ್‌ಮಾಸ್ತರರ ಡೇರೆಗೆ ಬಂದರು. ಅವರು ಹೋದ ಮೇಲೆ ಹೆಡ್‌ಮಾಸ್ತರರು ನಮ್ಮೆಲ್ಲರ ಎದುರಿಗೇ ಮಾಸ್ತರರಿಗೆ, ಅಕ್ಕಿ ಬೇಳೆಯ ವಿಷಯ ಹೇಳಿದಷ್ಟು ಸರಳವಾಗಿ ಹೇಳಿದರು: “ಊರ ಮಂದಿ ಕುಡಿಯೂ ನೀರ್ರಿ ಅದು. ನೀವು ತಿಳದವ್ರು. ದಂಡಿ ಮ್ಯಾಲೆ ನಿಂತು ಹೇಳ್ರಿ, ಹುಡುಗ್ರು ನಡಸ್ತಾರ.”

ಮಾಸ್ತರರು, “ಆತ್ರಿ,” ಎಂದರು. ಅಷ್ಟೇ.

ಅದೇ ಕೆರೆಯಲ್ಲಿ ದಿನಾ ಮುಂಜಾನೆ ಗೌಡರ ಎಮ್ಮೆಗಳು ಕೊರಳತನಕ ಮುಳುಗಿ ಮಲಗಿರುತ್ತಿದ್ದವು. ಮಾಡಬಾರದ್ದನ್ನೆಲ್ಲ ಅಲ್ಲೇ ಮಾಡುತ್ತಿದ್ದವು. ಅದರಿಂದ ನೀರು ಕೆಡಲಿಲ್ಲ. ದಿನಾ ಎರಡು ಹೊತ್ತು ಜಳಕ ಮಾಡುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ ಮನುಷ್ಯನ ಕಾಲಿನಿಂದ ಕೆಟ್ಟಿತು! ಗೌಡರ ಮೇಲಾದರೋ ನನಗೆ ಅಷ್ಟು ಸಿಟ್ಟಿಲ್ಲ, ಅವರು ಓದಿದವರಲ್ಲ. ನಮ್ಮ ಹೆಡ್‌ಮಾಸ್ತರರು ಖಾದಿ ತೊಡುತ್ತಿದ್ದರು. ಅಸ್ಪೃಶ್ಯತೆ ಅಪರಾಧ ಎಂದು ನಾಗರಿಕಶಾಸ್ತ್ರದ ತಾಸಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದವರು ಅವರೇ. ತಪ್ಪಿದವನಿಗೆ ಬೆತ್ತದ ಏಟು ಬೇರೆ.

ಹೀಗೆ ದೋಣಿ ಕಟ್ಟಿದವರು ಐದಾರು ದಿನ ಏರಿಯ ಮೇಲೆ ಬಿಸಿಲಿನಲ್ಲಿ ನಿಂತರು, ನಾವು ನೀರಿನಲ್ಲಿ ಆಡಿದೆವು. ಅವರ ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಕೆಂಪು ಅರಿವೆ. ಒಂದು ಸೀಟಿಗೆ ಹಗ್ಗ ಎಳೆಯಬೇಕು, ಎರಡಕ್ಕೆ ಸಡಿಲ ಬಿಡಬೇಕು, ಅರಿವೆ ಯಾವ ಕಡೆ ಬೀಸಿದರೋ ಆ ಕಡೆ ತಿರುಗಿಸಬೇಕು. ಗಾಳಿಗೆ ಎದುರಾಗಿ ಹೋಗಬೇಕಾದರೆ ಓರೆಯಾಗಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುತ್ತ ಮುಂದೆ ಸಾಗುವುದನ್ನು ಅಷ್ಟು ದೂರದಿಂದಲೇ ನಮ್ಮ ಕೈಗೆ ಹತ್ತಿಸಿದರು. ಬಟ್ಟೆ ಕೊಟ್ಟವರ ಮಗನೆಂದು ಹೆಡ್‌ಮಾಸ್ತರರು ನನ್ನನ್ನೇ ಕ್ಯಾಪ್ಟನ್ ಮಾಡಿದ್ದರು. ನಾನು ನಿಜಕ್ಕೂ ಕಲಿತದ್ದು ಆಮೇಲೆ.

ನಾಲ್ಕನೆಯ ದಿನವಿರಬೇಕು... ದೋಣಿ ದಂಡೆಗೆ ತಂದಾಗ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಚುಕ್ಕಾಣಿ ಕೈಗೆ ಹೆಂಗ ಹತ್ತತೈತೋ? ಭಾರ ಅನಸ್ತೈತೋ, ಹಗರ ಐತೋ?”

“ಹಗರ ಐತ್ರಿ ಸರ.”

“ಹೌದಾ? ನಾನ ಮಾಡಿದ್ದು, ನನಗ ಗೊತ್ತಿಲ್ಲ ನೋಡು,” ಎಂದು ನಕ್ಕರು. ಆ ನಗೆಯನ್ನು ನನಗೆ ಸಹಿಸಲಾಗಲಿಲ್ಲ. ಅಂದಿನಿಂದ ನನಗಿದ್ದದ್ದು ಒಂದೇ ಹಟ: ಕ್ಯಾಂಪು ಮುಗಿಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಆ ಚುಕ್ಕಾಣಿ ಅವರ ಕೈಯಲ್ಲಿರಬೇಕು.

ಏಳೆಂಟು ಹುಡುಗರು ಕೂಡಿ ಹೆಡ್‌ಮಾಸ್ತರರ ಮುಂದೆ ಹೋದೆವು. ಸರ್ ನೀರು ಮುಟ್ಟುವುದು ಬೇಡ, ದೋಣಿ ದಂಡೆಯ ಮೇಲಿರುವಾಗಲೇ ಅವರು ಹತ್ತಿ ಕೂಡಲಿ, ನಾವು ನೂಕುತ್ತೇವೆ ಎಂದೆವು. ವಿಷಯ ಊರ ಚಾವಡಿಗೆ ಹೋಯಿತು. ಅಲ್ಲಿ ಹಿರಿಯರು ಕೂತು ಒಂದು ಸಂಜೆಯೆಲ್ಲ ಚರ್ಚೆ ಮಾಡಿದರು. ಒಣ ಮರಕ್ಕೆ ಮೈಲಿಗೆ ತಾಗುವುದಿಲ್ಲ. ಹಸಿ ಮರಕ್ಕೆ ತಾಗುತ್ತದೆ. ದೋಣಿ ಒಳಗೆ ಒಣಗಿದೆ, ಹೊರಗೆ ತೊಯ್ದಿದೆ; ಹಾಗಾದರೆ ಅದು ಹಸಿಯೋ ಒಣವೋ? ಒಣ ಹಲಗೆ ಹಾಕಿ ಅದರ ಮೇಲೆ ಕೂಡಬಹುದು ಎಂದು ಕಡೆಗೆ ತೀರ್ಮಾನವಾಯಿತು. ಚುಕ್ಕಾಣಿ ನೀರಿನಲ್ಲೇ ಇರುವುದರಿಂದ ಅದನ್ನು ಮುಟ್ಟಕೂಡದು. ಹಾಯಿಯ ಹಗ್ಗದ ಬಗ್ಗೆ ಒಮ್ಮತ ಬರಲಿಲ್ಲ, ಅದನ್ನೂ ಮುಟ್ಟುವುದು ಬೇಡ ಎಂದರು. ದೊಡ್ಡ ಉಪಕಾರ ಮಾಡಿದವರಂತೆ ಹೆಡ್‌ಮಾಸ್ತರರು ಇದನ್ನೆಲ್ಲ ಬಂದು ಹೇಳುವಾಗ ಮಾಸ್ತರರು ನೆಲ ನೋಡುತ್ತಿದ್ದರು. ತಮ್ಮ ದೋಣಿಯಲ್ಲಿ ತಾವೇ ಕೈ ಕಟ್ಟಿ ಕೂಡಬೇಕು! ಬೇಡವೆಂದಾರು ಅಂದುಕೊಂಡೆ. ನಮ್ಮ ಮುಖಗಳನ್ನೊಮ್ಮೆ ನೋಡಿ ಒಪ್ಪಿಕೊಂಡರು.

ಕಡೆಯ ದಿನ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ದಂಡೆಯ ಮೇಲೆ ಕುರ್ಚಿ ಹಾಕಿ, ಗೌಡರು ಒಂದು ಬದಿಗೆ, ಹೆಡ್‌ಮಾಸ್ತರರು ಇನ್ನೊಂದು ಬದಿಗೆ ಕೂತರು. ದೋಣಿಯಲ್ಲಿ ನಾವಿಬ್ಬರೇ. ಚುಕ್ಕಾಣಿಯೂ ಹಗ್ಗವೂ ನನ್ನ ಕೈಯಲ್ಲಿ. ಮಾಸ್ತರರು ಹಲಗೆಯ ಮೇಲೆ ಕೈ ಕಟ್ಟಿ ಕೂತಿದ್ದರು. ಮೂಡಗಾಳಿ ಹದವಾಗಿತ್ತು. ಕೆರೆಯ ಆಚೆ ಬದಿಗೆ ಬಂದ ಮೇಲೆ, ಜಾಲಿ ಗಿಡಗಳ ಮರೆಯಲ್ಲಿ ನಾನು, “ಹಿಡೀರಿ ಸರ. ಇಲ್ಲಿ ಯಾರಿಗೂ ಕಾಣಂಗಿಲ್ಲ,” ಎಂದೆ.

ಅವರು ನನ್ನನ್ನೇ ನೋಡಿದರು. “ಕದ್ದು ಹಿಡ್ಯಾಕ ನಾ ಏನ್ ತುಡುಗ ಮಾಡೇನೇನು? ದಂಡಿ ಕಡೆ ತಿರಗಸು. ಅವರ ಮುಂದ ಕೊಡ್ತಿ?”

“ಕೊಡ್ತೀನ್ರಿ ಸರ.”

ತಿರುಗಿಸಿದೆ. ಕುರ್ಚಿಗಳು ಕಾಣತೊಡಗಿದವು, ಮುಖಗಳು ಕಾಣತೊಡಗಿದವು. ದಂಡೆ ಇಪ್ಪತ್ತು ಮಾರು ದೂರ ಇರುವಾಗ ನಾನು ಎದ್ದು ಪಕ್ಕಕ್ಕೆ ಸರಿದೆ. ಚುಕ್ಕಾಣಿಯ ಹಿಡಿಯನ್ನು ನನ್ನ ಕೈಯಿಂದಲೇ ಅವರ ಕೈಗೆ ಕೊಟ್ಟೆ, ಹಗ್ಗವನ್ನೂ ಕೊಟ್ಟೆ. ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ... ಎಂಟು ದಿನ ನಾವು ಮಾಡಿದ್ದು ದೋಣಿಯ ಜೊತೆ ಜಗಳ. ಅವರು ಅದಕ್ಕೆ ಬರೀ ಬೆರಳು ತಾಗಿಸಿದಂತಿತ್ತು. ಹಾಯಿ ಒಂದು ಸಲವೂ ಪಟಪಟ ಎನ್ನಲಿಲ್ಲ. ಕುರ್ಚಿಗಳ ಮುಂದೆಯೇ ಒಂದು ಸುತ್ತು ಹಾಕಿ, ಗಾಳಿಗೆ ಎದುರು ತಿರುಗಿಸಿ, ದೋಣಿಯನ್ನು ನೀರಿನ ಮೇಲೆ ಗಪ್ಪನೆ ನಿಲ್ಲಿಸಿದರು. ನನ್ನ ಕಡೆ ತಿರುಗಿ, “ಹಗರ ಐತಿ,” ಎಂದರು. ಸಾಹೇಬರು ಚಪ್ಪಾಳೆ ತಟ್ಟತೊಡಗಿದರು. ಹೆಡ್‌ಮಾಸ್ತರರು ಅವರ ಕಿವಿಯಲ್ಲಿ ಏನೋ ಹೇಳಿದರು. ಚಪ್ಪಾಳೆ ನಿಂತಿತು.

ಅದೇ ಮಧ್ಯಾಹ್ನ ಊರವರು ಮೈಲಿಗೆಯಾಯಿತೆಂದು ದೋಣಿಯನ್ನು ಏರಿಯ ಮೇಲೆಳೆದು ಸುಟ್ಟರು. ಮೂರು ತಿಂಗಳ ಕೆಲಸ ಅರ್ಧ ತಾಸಿನಲ್ಲಿ ಬೂದಿ. ಸಾಹೇಬರು ಜೀಪು ಹತ್ತಿ ಹೊರಟುಹೋದರು, ತಮಗೇನೂ ಸಂಬಂಧವಿಲ್ಲವೆಂಬಂತೆ. ವಿಜಾಪುರಕ್ಕೆ ಬಂದ ಮೇಲೆ ಹೆಡ್‌ಮಾಸ್ತರರು ನನ್ನನ್ನು ಆಫೀಸಿಗೆ ಕರೆಸಿದರು. ಅಲ್ಲಿ ನಮ್ಮ ಅಪ್ಪ ಆಗಲೇ ಕೂತಿದ್ದರು. ಮೇಜಿನ ಮೇಲೆ ಒಂದು ಕಾಗದ. ಮಾಸ್ತರರು ಬಾಗಿಲ ಬಳಿ ನಿಂತಿದ್ದರು.

“ಖರೇ ಹೇಳು. ಚುಕ್ಕಾಣಿ ನೀ ಕೊಟ್ಟ್ಯೋ, ಅವ ಕಸಗೊಂಡ್ನೋ?” ಹೆಡ್‌ಮಾಸ್ತರರು ಕೇಳಿದರು. ಎಂಟು ದಿನದ ಹಿಂದೆ ‘ಅವರು’ ಆಗಿದ್ದವರು ‘ಅವ’ ಆಗಿದ್ದರು.

ಅಪ್ಪ ನನ್ನ ಕಡೆ ನೋಡಿದರು. ನಾನು ಮಾಸ್ತರರ ಕಡೆ ನೋಡಲಿಲ್ಲ.

“ಕಸಗೊಂಡ್ರು,” ಎಂದೆ.

ಅದನ್ನು ಬರೆದುಕೊಂಡು ನನ್ನ ಸಹಿ ಹಾಕಿಸಿದರು. ವಿದ್ಯಾರ್ಥಿಯ ಕೈಯಿಂದ ಚುಕ್ಕಾಣಿ ಬಲವಂತವಾಗಿ ಕಸಿದು ಅವನ ಜೀವಕ್ಕೆ ಅಪಾಯ ತಂದರು ಎಂಬ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆದರು. ನೋಡಿ, ಕಾಗದದಲ್ಲಿ ಎಲ್ಲಿಯೂ ಜಾತಿಯ ಮಾತಿಲ್ಲ, ಕೆರೆಯ ಮಾತಿಲ್ಲ. ಎಲ್ಲ ಕಾಯದೆಯ ಪ್ರಕಾರ. ಮಾಸ್ತರರು ಕೋಣೆಯಿಂದ ಹೊರಗೆ ಹೋಗುವಾಗ ನನ್ನ ಪಕ್ಕದಲ್ಲೇ ಹಾದುಹೋದರು. ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ ಇಷ್ಟು ವರ್ಷ ಹೀಗೆ ಉರಿಯುತ್ತಿರಲಿಲ್ಲವೇನೋ...

ತಾಡಪತ್ರಿ ಹೊನವಾಡಕ್ಕೆ ಮುಟ್ಟಿಸಿದ ಮರುದಿನವೇ ಅರಕೇರಿಗೆ ಹೋದೆ. ಈ ಕೆಲಸ ಐವತ್ತು ವರ್ಷ ಮೊದಲೇ ಮಾಡಬಹುದಿತ್ತು. ವಿಜಯಪುರದಿಂದ ಅದೇನು ದೂರವೇ? ಕೇಳುತ್ತ ಕೇಳುತ್ತ ಒಂದು ಮನೆ ಸಿಕ್ಕಿತು. ಅಲ್ಲಿದ್ದವಳು ಮಾಸ್ತರರ ತಮ್ಮನ ಸೊಸೆ, ಅವಳಿಗೇ ಅರವತ್ತರ ಹತ್ತಿರ. ಮಾಸ್ತರರು ಸೊಲ್ಲಾಪುರದ ಒಂದು ಗಿರಣಿಯಲ್ಲಿ ವಾಚಮನ್ ಆಗಿದ್ದು, ಅಲ್ಲೇ ತೀರಿಕೊಂಡು ಮೂವತ್ತು ವರ್ಷ ಮೇಲಾಯಿತಂತೆ. ನಾನು ಅವರ ವಿದ್ಯಾರ್ಥಿ ಎಂದಾಗ ಅವಳು ನಂಬಲಿಲ್ಲ.

“ನಮ್ಮ ದೊಡ್ಡ ಮಾವಾರು ಮಾಸ್ತರ ಆಗಿದ್ರಾ? ಯಾರಿಗೂ ಹೇಳೇ ಇಲ್ರೀ ಅವರು.”

ಒಬ್ಬ ಮನುಷ್ಯ ತನ್ನ ಮನೆಯವರಿಗೂ ಹೇಳಲಾರದಷ್ಟು ಅದನ್ನು ಒಳಗೇ ಹೂತುಬಿಟ್ಟಿದ್ದ. ಹೂಳಿಸಿದ್ದು ನಾವು. ಹೆಡ್‌ಮಾಸ್ತರರಿಲ್ಲ, ಗೌಡರಿಲ್ಲ, ಅಪ್ಪನೂ ಇಲ್ಲ. ಬೈಸಿಕೊಳ್ಳಲು ಉಳಿದವನು ನಾನೊಬ್ಬನೇ. ಕಟ್ಟೆಯ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ದೋಣಿ, ಹಲಗೆ, ಆ ಒಂದು ಸುತ್ತು. ಚುಕ್ಕಾಣಿಯನ್ನು ನಾನೇ ಕೊಟ್ಟದ್ದು, ಕಸಿದುಕೊಂಡರೆಂದು ಸಹಿ ಹಾಕಿದ್ದು. ಅವಳು ಸೆರಗಿನ ತುದಿ ಹಿಡಿದು ಕೇಳುತ್ತ ಕೂತಳು.

“ನಾ ಹುಡುಗ ಇದ್ನವ್ವಾ. ಅಂಜಿದ್ದೆ,” ಎಂದೆ.

“ಅವರಿಗೆ ಅಂಜಿಕಿ ಇರಲಿಲ್ಲಂತ ತಿಳದೀರೇನ್ರಿ?” ಎಂದು ಕೇಳಿ ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತು ಕಾದೆ. ಮತ್ತೆ ಹೊರಗೆ ಬರಲಿಲ್ಲ.