ಮಡಕೆಯೊಳಗಿನ ಕೂಸು

ದಾವಣಗೆರೆಯ ಅರಳೆ ವ್ಯಾಪಾರಿ ವಾಮದೇವಪ್ಪನವರ ಮಗಳು ನಿರ್ಮಲ ಇತಿಹಾಸದಲ್ಲಿ ಎಂ.ಎ. ಮುಗಿಸಿ, 1962ರ ಬೇಸಿಗೆಯಲ್ಲಿ ಹರಿಹರದ ಹತ್ತಿರ ಹೊಳೆದಂಡೆಯ ದಿಬ್ಬದಲ್ಲಿ ಉತ್ಖನನ ಕಲಿಯಲು ಸೇರಿದಳು. ಕಲ್ಲಿನ ಕೊಡಲಿಗಳ ಕಾಲದಲ್ಲಿ ಅಲ್ಲೊಂದು ಊರಿತ್ತು. ಶಿಬಿರದ ಮುಖ್ಯಸ್ಥರು ಅವಳನ್ನು ನೆರಳಲ್ಲಿ ಕೂರಿಸಿ ಮಡಕೆಚೂರು ತೊಳೆಯಲು ಹಚ್ಚಿದರು.

"ಅಗೆಯೋದು ಕಲಿಯಾಕೆ ಬಂದೀನಿ ಸರ್" ಎಂದು ಅವಳು ತಾನಾಗಿಯೇ ಗುಂಡಿಗಿಳಿದಳು. ಮಣ್ಣಿನ ಬಣ್ಣ ಬದಲಾದಲ್ಲಿ ಕೈ ತಡೆಯುವುದನ್ನು, ಪದರ ಪದರವಾಗಿ ಕೆರೆಯುವುದನ್ನು ಅಲ್ಲೇ ಕಲಿತಳು.

ಒಂದು ದಿನ ಆ ಹಳೆಯ ಊರಿನ ಮನೆಯೊಂದರ ನೆಲದಡಿ ಅವಳಿಗೆ ಮಡಕೆ ಸಿಕ್ಕಿತು. ಒಳಗೆ ಕೂಸಿನ ಎಲುಬುಗಳಿದ್ದವು. ಸುದ್ದಿ ದಾವಣಗೆರೆ ಮುಟ್ಟಿತು. ಮರುದಿನ ವಾಮದೇವಪ್ಪನವರೇ ಬಂದು ಗುಂಡಿಯ ಅಂಚಿನಲ್ಲಿ ನಿಂತರು.

"ಎದ್ದು ಬಾ. ಹೆಣದ ಎಲುಬು ಮುಟ್ಟಿದೋಳನ್ನ ಯಾರು ಸೊಸೆ ಮಾಡ್ಕೊಳ್ತಾರೆ? ನಿನಗೆ ಗೊತ್ತು ಮಾಡಿದ ಗಂಡಿನ ಕಡೆಯೋರು ಕೇಳಾಕ ಹತ್ಯಾರೆ."

ನಿರ್ಮಲ ಮಣ್ಣು ಸವರುತ್ತಿದ್ದ ಕುಂಚ ಕೆಳಗಿಡಲಿಲ್ಲ. "ಯಾವಳೋ ತಾಯಿ ಇದನ್ನ ಮನೆಯಾಗೇ ಇಟ್ಕೊಂಡಾಳಪ್ಪ, ಹೊರಗ ಹಾಕಿಲ್ಲ. ನಾನು ಅರ್ಧಕ್ಕೆ ಬಿಟ್ಟು ಬರಲ್ಲ. ಕೇಳೋರಿಗೆ, ಹೌದು ಮುಟ್ಟ್ಯಾಳೆ ಅನ್ರಿ."

"ಸಂಬಂಧ ಮುರೀತೈತೆ."

"ಮುರೀಲಿ."

ವಾಮದೇವಪ್ಪನವರು ಒಬ್ಬರೇ ಹಿಂದಿರುಗಿದರು. ಸಂಬಂಧವೂ ಮುರಿಯಿತು. ಅವಳು ಅಂದು ಸಂಜೆವರೆಗೂ ಮಂಡಿಯೂರಿ ಸುತ್ತಲಿನ ಮಣ್ಣು ಬಿಡಿಸಿ, ಇದ್ದದ್ದನ್ನು ಇದ್ದಂತೆ ಚಿತ್ರ ಬರೆದು, ಮಡಕೆಯನ್ನು ಒಡೆಯದೆ ಮೇಲೆತ್ತಿದಳು. ಮುಂದಿನ ಬೇಸಿಗೆಗೆ ಒಂದು ಗುಂಡಿಯ ಪೂರ್ತಿ ಹೊಣೆ ಅವಳದಾಯಿತು.

ಯುಗಾದಿಗೆ ಮನೆಗೆ ಹೋದಾಗ ಅಪ್ಪ ಮುಖ ತಿರುಗಿಸಿದರು. ಅವಳು ಅವರ ಎದುರಿಗೇ ಕೂತು ಹೋಳಿಗೆ ಉಂಡು, ಮರುದಿನ ಮೊದಲ ಬಸ್ಸಿಗೆ ದಿಬ್ಬಕ್ಕೆ ಹೊರಟಳು.